ನೀರನ್ನೊಲ್ಲದ ಕೂದಲು

ನಮ್ಮ ಕವಿಗಳಿಗೆ ಗುಂಗುರು ಕೂದಲೆಂದರೆ ಎಲ್ಲಿಲ್ಲದ ಪ್ರೀತಿ. ಕುರುಳು, ಮುಂಗುರುಳು, ಕುಟಿಲಕುಂತಳ ಎಂದು ಅದಕ್ಕೆ ಅವರಿಟ್ಟ ಹೆಸರುಗಳನ್ನು ಎಣಿಸುತ್ತ ಕುಳಿತರೆ ಪರೀಕ್ಷೆಯ ಸಿದ್ಧತೆ ಅಲ್ಲಿಗೇ ಮುಗಿದಂತೆ. ಇತಿಹಾಸದ ವಿದ್ಯಾರ್ಥಿಗಳು ಇನ್ನೊಂದನ್ನೂ ಬಲ್ಲರು: ಬನವಾಸಿಯ ಸುತ್ತಣ ನಾಡಿಗೆ ಹಿಂದೆ ಕುಂತಳವೆಂದೇ ಹೆಸರಿತ್ತು; ಸಂಸ್ಕೃತದಲ್ಲಿ ಆ ಪದಕ್ಕೆ ಕೂದಲೆಂಬ ಅರ್ಥವೂ ಉಂಟು. ಶ್ರವಣಬೆಳಗೊಳದಲ್ಲಿ ಕ್ರಿ.ಶ. 981ರ ಸುಮಾರಿಗೆ ತಲೆಯೆತ್ತಿ ನಿಂತ ಗೊಮ್ಮಟನ ಮಸ್ತಕದ ಮೇಲೆ ಶಿಲ್ಪಿ ಕಡೆದಿರುವುದೂ ಸುರುಳಿ ಸುರುಳಿಯಾದ ಗುಂಗುರುಗಳನ್ನೇ. ಕಲ್ಲಿನಲ್ಲಿಯೂ ಕಾವ್ಯದಲ್ಲಿಯೂ ಇಷ್ಟು ಮರ್ಯಾದೆ ಪಡೆದ ಈ ವಸ್ತು ಜೀವಂತ ತಲೆಯ ಮೇಲೆ ಬಂದೊಡನೆ ಮಾತ್ರ "ಗುಬ್ಬಚ್ಚಿ ಗೂಡು" ಆಗಿಬಿಡುತ್ತದೆ! ಅಂಥ ಗೂಡೊಂದನ್ನು ಇಪ್ಪತ್ತು ವರ್ಷಗಳಿಂದ ಹೊತ್ತು ತಿರುಗುತ್ತಿರುವುದರಿಂದ ಈ ವಿಷಯದಲ್ಲಿ ನಾಲ್ಕು ಮಾತು ಬರೆಯುವ ಅಧಿಕಾರ ನನಗುಂಟೆಂದು ಭಾವಿಸಿದ್ದೇನೆ.

ಗುಂಗುರು ಕೂದಲಿನಲ್ಲಿಯೂ ಹಲವು ಬಗೆ. ನನ್ನದು ನೀರನ್ನು ಒಲ್ಲದ ಬಗೆ. ವಿದ್ಯಾರ್ಥಿನಿಲಯದ ಬಚ್ಚಲಿನಲ್ಲಿ ಮೊದಲ ನಾಲ್ಕು ತಂಬಿಗೆ ನೀರು ಕೆಸುವಿನೆಲೆಯ ಮೇಲಿನ ಹನಿಗಳಂತೆ ತಲೆಯಿಂದ ಉರುಳಿಹೋಗುತ್ತದೆ. ಬೆರಳಿಟ್ಟು ನೋಡಿದರೆ ಒಳಗೆ ಒಣಗಿಯೇ ಇರುತ್ತದೆ. ಹೊರಗೆ ಸರದಿಗಾಗಿ ಕಾಯುವ ಗೆಳತಿಯರು ಬಾಗಿಲು ಬಡಿಯತೊಡಗುತ್ತಾರೆ. ಒಮ್ಮೆ ನೆನೆಯಿತೋ, ಇನ್ನು ಆರುವ ಮಾತಿಲ್ಲ. ಬೆಳಗಿನ ಆರು ಗಂಟೆಗೆ ಮಿಂದರೆ ಮಧ್ಯಾಹ್ನದ ಐಚ್ಛಿಕ ಕನ್ನಡದ ತರಗತಿಯಲ್ಲಿಯೂ ನನ್ನ ಬೆನ್ನು ತಣ್ಣಗಿರುತ್ತದೆ. ಅಧ್ಯಾಪಕರು ಕರುಣರಸವನ್ನು ವಿವರಿಸುವಾಗ ನಾನು ನಡುಗಿದರೆ ಅದು ರಸಾನುಭವವೆಂದು ಯಾರೂ ತಿಳಿಯಬಾರದು.

ಇದಕ್ಕೆ ಈಗಿನವರು ಲೋ ಪೊರಾಸಿಟಿ ಎನ್ನುತ್ತಾರೆ. ಪಕ್ಕದ ವಿಜ್ಞಾನ ಕಾಲೇಜಿನ ಗೆಳತಿಯೊಬ್ಬಳು ಇದನ್ನು ನನಗೆ ಬಿಡಿಸಿ ಹೇಳಿದಳು. ಪ್ರತಿಯೊಂದು ಕೂದಲಿನ ಮೇಲೂ ತೆಳ್ಳನೆಯ ಹುರುಪೆಗಳ ಹೊದಿಕೆಯಿದೆ. ಐದರಿಂದ ಹತ್ತು ಪದರ. ಮನೆಯ ಮಾಡಿನ ಹೆಂಚುಗಳಂತೆ ಒಂದರ ಮೇಲೊಂದು ಕೂತಿರುತ್ತವೆ. ಅವುಗಳ ಮೇಲೆ ಹುಟ್ಟಿನಿಂದಲೇ ಕಣ್ಣಿಗೆ ಕಾಣದ ಕೊಬ್ಬಿನ ಲೇಪವೊಂದುಂಟು. ಅದು ನೀರನ್ನು ದೂರವಿಡುತ್ತದೆ. ಹೆಂಚುಗಳು ಬಿಗಿಯಾಗಿ ಕೂತು, ಲೇಪ ಸವೆಯದೆ ಉಳಿದರೆ ನೀರು ಒಳಗಿಳಿಯಲು ಹೊತ್ತು ಹಿಡಿಯುತ್ತದೆ, ಇಳಿದದ್ದು ಹೊರಬರಲೂ ಹೊತ್ತು ಹಿಡಿಯುತ್ತದೆ. ಅಂದರೆ ಇದು ರೋಗವಲ್ಲ, ಕೇಡಿಲ್ಲದ ಕೂದಲಿನ ಲಕ್ಷಣ! ಗುಂಗುರಿಗೂ ಇದಕ್ಕೂ ನೇರ ನಂಟಿಲ್ಲ. ಗುಂಗುರು ಬರುವುದು ಚರ್ಮದೊಳಗೆ ಕೂದಲು ಹುಟ್ಟುವ ಕುಳಿಯ ಆಕಾರದಿಂದ. ಎರಡೂ ಒಂದೇ ತಲೆಗೆ ಬಂದಾಗಲೇ ಪೇಚಾಟ. ನೆತ್ತಿಯಲ್ಲಿ ಒಸರುವ ಜಿಡ್ಡು ನೆಟ್ಟನೆಯ ಕೂದಲಿನಲ್ಲಿ ಸಲೀಸಾಗಿ ಕೆಳಗಿಳಿಯುತ್ತದೆ. ಸುರುಳಿಯ ದಾರಿಯಲ್ಲಿ ಅದು ತುದಿ ಮುಟ್ಟುವುದಿಲ್ಲ. ಹೀಗಾಗಿ ಬುಡ ಜಿಡ್ಡು, ತುದಿ ತೆಂಗಿನ ನಾರು.

ಲೋಟದ ನೀರಿನಲ್ಲಿ ಕೂದಲೆಳೆಯೊಂದನ್ನು ಹಾಕಿ, ತೇಲಿದರೆ ಈ ಬಗೆ, ಮುಳುಗಿದರೆ ಆ ಬಗೆ ಎಂದು ಹೇಳುವವರುಂಟು. ಅದನ್ನು ನಂಬಬೇಡಿ. ಎಣ್ಣೆ ಸೋಕಿದ ಯಾವ ಕೂದಲಾದರೂ ತೇಲುತ್ತದೆ. ಮೇಲಾಗಿ ಒಂದೇ ಎಳೆಯಲ್ಲಿ ಬುಡದ ಗುಣ ಬೇರೆ, ತುದಿಯ ಗುಣ ಬೇರೆ. ಕೂದಲು ಬೆಳೆಯುವುದು ತಿಂಗಳಿಗೆ ಸುಮಾರು 1 ಸೆಂಟಿಮೀಟರ್. ನನ್ನ ಜಡೆಯ ತುದಿ ನಾನು ಪಿ.ಯು.ಸಿ. ಓದುತ್ತಿದ್ದ ಕಾಲದ್ದು, ಬಿಸಿಲು, ಬಾಚಣಿಗೆಗಳನ್ನೆಲ್ಲ ಉಂಡು ಸವೆದಿದೆ.

ಇನ್ನು ಎಣ್ಣೆಯ ವಿಚಾರ. ಇಲ್ಲಿ ನಾನು ನಮ್ಮ ಅವ್ವನ ಮಾತನ್ನು ತರಲೇಬೇಕು. ನಮ್ಮ ತಲೆ ಒಣಗಿದಂತೆ ಕಂಡಾಗಲೆಲ್ಲ ಅವ್ವ ಎಣ್ಣೆ ಸುರಿಯುತ್ತಿದ್ದಳು. ಅದು ಒಳಗಿಳಿಯದೆ ಮೇಲೆಯೇ ನಿಂತು ದಾರಿಯ ಧೂಳನ್ನೆಲ್ಲ ಹಿಡಿಯುತ್ತಿತ್ತು. ಮೊದಲೇ ನೀರೊಲ್ಲದ ಕೂದಲು ಇನ್ನಷ್ಟು ನೀರನ್ನು ದೂಡುತ್ತಿತ್ತು. ಕಳೆದ ದಸರಾ ರಜೆಯಲ್ಲಿ ಊರಿಗೆ ಹೋದಾಗ ಒಂಬತ್ತನೆಯ ತರಗತಿಯಲ್ಲಿರುವ ತಂಗಿ ಕತ್ತರಿ ಹಿಡಿದು ಕುಳಿತಿದ್ದಳು. ತಲೆ ಬಾಚದೆ ಬಂದಳೆಂದು ಶಾಲೆಯ ಸಾಲಿನಿಂದ ಅವಳನ್ನು ಹೊರಗೆ ನಿಲ್ಲಿಸಿದ್ದರಂತೆ. ಬಾಚಿದ ತಲೆಯೇ ಅದು. ಎರಡು ಗಂಟೆಯಲ್ಲಿ ಬಾಚಿದ ಗುರುತು ಅಳಿಸಿಹೋಗುತ್ತದೆ, ಅಷ್ಟೇ. "ಅಕ್ಕ, ಇದನ್ನ ಬುಡಕ್ಕೇ ಕತ್ತರಿಸಿಬಿಡು, ಇಲ್ಲಾಂದ್ರೆ ನಾನು ಶಾಲೆಗೆ ಹೋಗಲ್ಲ" ಎಂದಳು. ಶಾಲೆ ಬಿಡಲು ನಮ್ಮ ಕಡೆ ಹುಡುಗಿಯರಿಗೆ ಇದಕ್ಕಿಂತ ದೊಡ್ಡ ಕಾರಣ ಬೇಕಿಲ್ಲವೆಂಬುದನ್ನು ನಾನು ಬಲ್ಲೆ.

ನಾನು ಅವ್ವನಿಗೆ ಎಣ್ಣೆ ಕಡಿಮೆ ಮಾಡೆಂದೆ. ಅವ್ವ ಕೈಯಲ್ಲಿದ್ದ ಬಟ್ಟಲನ್ನು ಕೆಳಗಿಟ್ಟು, "ನಾನು ಕೂಲಿಗೆ ಹೋಗೋಳು. ನನ್ನ ಮಕ್ಕಳ ತಲೆ ಎಣ್ಣೆ ಕಾಣದೆ ಇದ್ರೆ ಊರವ್ರು ಏನಂದಾರು? ಇವ್ರಿಗೆ ಅವ್ವ ಇದಾಳೋ ಇಲ್ವೋ ಅಂತಾರೆ" ಎಂದಳು. ಹೆಂಚು, ಹುರುಪೆ, ಲೇಪ ಎಂದು ನಾನು ಕಲಿತದ್ದಾವುದೂ ಈ ಮಾತಿಗೆ ಉತ್ತರವಾಗಲಿಲ್ಲ. ಅವಳು ಹಚ್ಚುತ್ತಿದ್ದದ್ದು ಕೂದಲಿಗೆ ಮಾತ್ರವಲ್ಲ, ಊರವರ ಬಾಯಿಗೆ.

ಅದೃಷ್ಟಕ್ಕೆ ಅವಳ ಬಟ್ಟಲಿನಲ್ಲಿದ್ದುದು ತೆಂಗಿನೆಣ್ಣೆ. ತೆಂಗಿನೆಣ್ಣೆ, ಸೂರ್ಯಕಾಂತಿ ಎಣ್ಣೆ, ಖನಿಜತೈಲ ಈ ಮೂರನ್ನು ಹೋಲಿಸಿ ಭಾರತದ ಇಬ್ಬರು ಸಂಶೋಧಕರು 2003ರಲ್ಲಿ ಲೇಖನವೊಂದನ್ನು ಪ್ರಕಟಿಸಿದ್ದಾರೆ. ತೊಳೆಯುವಾಗ ಕೂದಲಿನ ಪ್ರೋಟೀನು ನಷ್ಟವಾಗುವುದನ್ನು ತಗ್ಗಿಸಿದ್ದು ತೆಂಗಿನೆಣ್ಣೆಯೊಂದೇ. ಸ್ನಾನಕ್ಕೆ ಮುಂಚೆ ಹಚ್ಚಿದಾಗಲೂ ಅದು ಕೆಲಸ ಮಾಡಿತು. ಅದರ ಕಣ ಸಣ್ಣದು, ನೆಟ್ಟನೆಯದು, ಆದ್ದರಿಂದ ಒಳನುಗ್ಗಬಲ್ಲದು. ಮಂದವಾದ ಹರಳೆಣ್ಣೆಗೆ ಆ ಭಾಗ್ಯವಿಲ್ಲ. ಆದ್ದರಿಂದ ನಾವು ಒಂದು ಒಪ್ಪಂದಕ್ಕೆ ಬಂದೆವು: ಎಣ್ಣೆ ಹಚ್ಚುವುದು ಅವ್ವನೇ, ಆದರೆ ಶನಿವಾರ ರಾತ್ರಿ, ಒಂದು ಚಮಚ, ಬೆಚ್ಚಗೆ ಮಾಡಿ. ಭಾನುವಾರದ ಸ್ನಾನದ ಮೇಲೆ ಬಟ್ಟಲು ಮುಟ್ಟುವಂತಿಲ್ಲ.

ಭಾನುವಾರ ಹಂಡೆಗೆ ಉರಿ ಹಾಕಿದೆವು. ಈ ಬಗೆಯ ಕೂದಲಿಗೆ ಬೇಕಾದದ್ದು ಬಿಸಿಯೂ ಸಾವಕಾಶವೂ. ಬಿಸಿನೀರಿನಲ್ಲಿ ಹಿಂಡಿದ ಬಟ್ಟೆಯನ್ನು ತಂಗಿಯ ತಲೆಗೆ ಸುತ್ತಿ, ಹಬೆಯಾಡುವ ಬಚ್ಚಲಿನಲ್ಲಿ ಹದಿನೈದು ನಿಮಿಷ ಕೂರಿಸಿದೆ. ಅಭ್ಯಂಜನಕ್ಕೆ ಕೂರಿಸುತ್ತಿದ್ದ ಅಜ್ಜಿಯರೂ ಇದನ್ನೇ ಅಲ್ಲವೇ ಮಾಡುತ್ತಿದ್ದುದು? ಸೋಪು ಬೇಡವೆಂದೆ. ಅದರ ಕ್ಷಾರಕ್ಕೆ ಹುರುಪೆಗಳು ಎದ್ದು ನಿಂತು ಒರಟಾಗುತ್ತವೆ. ನಮ್ಮ ಕೊಳವೆಬಾವಿಯ ಗಡಸು ನೀರಿನಲ್ಲಿ ಅದರ ಗಸಿ ಬೇರೆ ಮೆತ್ತಿಕೊಳ್ಳುತ್ತದೆ. ಸೀಗೆಪುಡಿ ತುಸು ಹುಳಿ ಗುಣದ್ದು. ಆದರೆ ಪುಡಿಯನ್ನೇ ತಿಕ್ಕಿದರೆ ಗುಂಗುರಿನೊಳಗೆ ಸಿಕ್ಕಿಕೊಂಡು ವಾರವಿಡೀ ಉದುರುತ್ತಿರುತ್ತದೆ. ಸೋಸಿದ ರಸ ಸಾಕು. ದಾಸವಾಳದ ಎಲೆಯ ಲೋಳೆ ಹಚ್ಚಿ, ಕೂದಲು ಜಾರುತ್ತಿರುವಾಗಲೇ ಬೆರಳಿನಿಂದ ತುದಿಯ ಸಿಕ್ಕು ಬಿಡಿಸಿದೆ, ಆಮೇಲೆ ಮೇಲಿನದು. ಪಟ್ಟಣದಲ್ಲಿ ಕಂಡಿಷನರು ಈ ಕೆಲಸವನ್ನೇ ಮಾಡುತ್ತದೆ. ಮೊಟ್ಟೆ ಹಚ್ಚೆಂದು ಪಕ್ಕದ ಮನೆಯವರು ಸಲಹೆ ಕೊಟ್ಟರು. ಅದರ ಪ್ರೋಟೀನು ಕೂದಲಿನೊಳಗೆ ಹೋಗದಷ್ಟು ದೊಡ್ಡದು, ಹೊಟ್ಟೆಗೆ ಹೋದರೆ ಒಳ್ಳೆಯದು.

ಒಣ ಕೂದಲಿಗೆ ಬಾಚಣಿಗೆ ಹಾಕಬಾರದು, ಒರಟು ಟವೆಲ್ಲಿನಿಂದ ಉಜ್ಜಬಾರದು. ಅಪ್ಪನ ಹಳೆಯ ಪಂಚೆಯಲ್ಲಿ ಒತ್ತಿ ನೀರು ತೆಗೆದು ಬಿಟ್ಟೆ. ನೆನೆದಾಗ ಸಡಿಲವಾದ ಒಳಗಿನ ಕೆಲವು ಬೆಸುಗೆಗಳು ಆರುತ್ತಿರುವಂತೆ ಮತ್ತೆ ಕೂಡಿಕೊಳ್ಳುತ್ತವೆ. ಆಗ ಯಾವ ಆಕಾರದಲ್ಲಿರುತ್ತದೋ ಅದೇ ನಿಲ್ಲುತ್ತದೆ. ಒದ್ದೆಯಿರುವಾಗಲೇ ಹೆಣೆದ ಎರಡು ಜಡೆ ಸೋಮವಾರ ಸಂಜೆಯವರೆಗೂ ಕೆದರಲಿಲ್ಲ.

ಸಾವಿರಾರು ರೂಪಾಯಿ ಕೊಟ್ಟು ನೇರ ಮಾಡಿಸಿಕೊಳ್ಳುವವರೂ ಉಂಟು. ಅದಕ್ಕೆ ಬಳಸುವ ಕೆಲವು ದ್ರವಗಳು ಕಾದಾಗ ಫಾರ್ಮಾಲ್ಡಿಹೈಡ್ ಹೊರಬಿಡುತ್ತವೆ. ಅದು ಮನುಷ್ಯರಲ್ಲಿ ಕ್ಯಾನ್ಸರ್ ತರುವಂಥದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿಯೇ ತೀರ್ಮಾನಿಸಿದೆ. ಅಷ್ಟು ಮಾಡಿದರೂ ಬುಡದಿಂದ ಮತ್ತೆ ಬರುವುದು ಗುಂಗುರೇ.

ತಂಗಿ ಕತ್ತರಿಯನ್ನು ಅವ್ವನ ಹೊಲಿಗೆಯ ಡಬ್ಬಿಗೆ ಹಿಂತಿರುಗಿಸಿದಳು. ಮುಂದಿನ ಭಾನುವಾರ ನಾನು ಹೊರಡುವ ಮುನ್ನ ಅವ್ವ ಬಚ್ಚಲಿನ ಬಾಗಿಲಿಗೆ ಬಂದು, ಬಿಸಿಬಟ್ಟೆಯನ್ನು ಎಷ್ಟು ಹೊತ್ತು ಸುತ್ತಬೇಕೆಂದು ಕೇಳಿದಳು. ನಸುಕಿಗೇ ತುರುಬು ಬಿಗಿದು ಕೂಲಿಗೆ ಹೋಗುವ ಅವ್ವನ ಕೂದಲನ್ನು ಹಗಲಿನಲ್ಲಿ ಬಿಚ್ಚಿ ನಾನು ನೋಡಿದ್ದೇ ಇಲ್ಲ. ಅವಳದೂ ಗುಂಗುರೇ, ನಮ್ಮಿಬ್ಬರದಕ್ಕಿಂತ ಬಿಗಿಯಾದ ಸುರುಳಿ. ಆ ದಿನ ನೀರು ಕಾಯಿಸುವ ಸರದಿ ತಂಗಿಯದಾಯಿತು.