ಬಾಗಿಲ ಮೇಲಿನ ಲೋಳೆಸರ

ಮನೆಯಲ್ಲಿ ಎರಡು ಲೋಳೆಸರ ಇದ್ದವು. ಎರಡೂ ಒಂದೇ ತಾಯಿಗಿಡದ ಮರಿಗಳು. ಚಳ್ಳಕೆರೆ ಹತ್ತಿರದ ನಮ್ಮೂರ ಹಿತ್ತಲಿನಿಂದ ಅವ್ವ ಹಳೇ ಪೇಪರಿನಲ್ಲಿ ಸುತ್ತಿ ತಂದಿದ್ದಳು. ಆಲುವಕ್ಕೆ ಬಂದ ಮೇಲಿನ ಮೊದಲ ಅಮಾವಾಸ್ಯೆಗೆ ಒಂದಕ್ಕೆ ಅರಿಶಿನ ಕುಂಕುಮ ಹಚ್ಚಿ, ನಮ್ಮ ಫ್ಲ್ಯಾಟಿನ ಬಾಗಿಲ ಮೇಲೆ ತಲೆಕೆಳಗಾಗಿ ಕಟ್ಟಿದಳು. ಇನ್ನೊಂದನ್ನು ನಾನು ಕುಂಡದಲ್ಲಿ ನೆಟ್ಟೆ. ಜುಲೈ ಹೊತ್ತಿಗೆ, ಮಣ್ಣು ನೀರು ಎರಡನ್ನೂ ಕಾಣದ ಬಾಗಿಲಿನದು ಹಸಿರಾಗೇ ಇತ್ತು. ನಾನು ಸಾಕಿದ್ದು ಸಾಯುತ್ತಿತ್ತು.

ಸಾಕಿದ್ದೂ ಅಂಥಿಂಥ ಸಾಕಣೆಯಲ್ಲ. ಕಾಕ್ಕನಾಡಿನ ಇನ್ಫೋಪಾರ್ಕಿಗೆ ಹೊರಡುವ ಮುಂಚೆ, ದಿನಾ ಏಳೂವರೆಗೆ ಫೋನಿನಲ್ಲಿ ಅಲಾರಂ, ಒಂದು ಲೋಟ ನೀರು. ಬಾಲ್ಕನಿಯ ಟೈಲ್ಸ್ ಗಲೀಜಾಗದಿರಲೆಂದು ಕುಂಡದ ಅಡಿಗೆ ಪ್ಲಾಸ್ಟಿಕ್ ತಟ್ಟೆ. ಮಣ್ಣಿನಲ್ಲಿ ಮುಕ್ಕಾಲು ಪಾಲು ತೆಂಗಿನ ನಾರಿನ ಪುಡಿ. ಜೂನ್‌ನಲ್ಲಿ ಮಳೆ ಹಿಡಿದ ಮೇಲೂ ಅಲಾರಂ ನಿಲ್ಲಿಸಬೇಕೆಂದು ನನಗೆ ತೋಚಲಿಲ್ಲ. ಹೊರಗೆ ಪೆರಿಯಾರ್ ಕೆಂಪಗೆ ತುಂಬಿ ಹರಿಯುತ್ತಿದೆ, ಒಳಗೆ ನಾನು ಲೋಟ ಹಿಡಿದು ನಿಂತಿದ್ದೇನೆ!

ಮೊದಲು ಅಡಿಯ ಎಲೆಗಳು ಹಳದಿಯಾದವು, ಸೊರಗಿ ಒಳಕ್ಕೆ ಮಡಚಿಕೊಂಡವು. ಬಾಯಾರಿದೆ ಅಂದುಕೊಂಡು ಎರಡು ಲೋಟ ಹಾಕಿದೆ. ವಾರದೊಳಗೆ ಬುಡ ಕಂದುಬಣ್ಣಕ್ಕೆ ತಿರುಗಿ, ಬೆಂದ ಬದನೆಕಾಯಿಯ ಹಾಗೆ ಮೆತ್ತಗಾಯಿತು.

ಅದೇ ತಿಂಗಳು ಅವ್ವನ ಊಟ ಒಂದು ರೊಟ್ಟಿಯಿಂದ ಅರ್ಧಕ್ಕೆ ಇಳಿದಿತ್ತು. ಅಪ್ಪ ಹೋದ ಮೇಲೆ ಒಬ್ಬಳೇ ಇರುವುದು ಬೇಡವೆಂದು ನಾನೇ ಕರೆತಂದಿದ್ದೆ. ಮೆಟ್ಟಿಲು ಪಾಚಿಗಟ್ಟಿದೆ, ಕೆಳಗೆ ಇಳಿಯಬೇಡ. ಅಡುಗೆಗೆ ಚೇಚಿ ಬರ್ತಾರೆ, ನೀನು ಕೂತ್ಕೋ. ನೆಲದ ಮೇಲೆ ಕೂತರೆ ಮೊಣಕಾಲು ಹಿಡಿಯುತ್ತದೆಂದು ಊರಿಂದ ತಂದಿದ್ದ ಈಳಿಗೆಮಣೆಯನ್ನು ಅಟ್ಟಕ್ಕೆ ಹಾಕಿದ್ದೆ. ರಕ್ತ ಪರೀಕ್ಷೆ ಮಾಡಿಸಿದೆ, ಎಲ್ಲ ಸರಿಯಾಗಿತ್ತು. ಒಂದು ಟಾನಿಕ್ ತಂದೆ.

ಒಂದು ಭಾನುವಾರ ಕುಂಡದಿಂದ ಕೊಳೆತ ವಾಸನೆ ಬಂತು. ಎಲೆ ಹಿಡಿದು ಎಳೆದರೆ ಗಿಡ ಇಡಿಯಾಗಿ ಕೈಗೆ ಬಂತು. ಬೇರುಗಳು ಕಪ್ಪಾಗಿ, ಒದ್ದೆ ದಾರದ ಹಾಗೆ ಬೆರಳಿಗೆ ಅಂಟಿದವು. ಆಫೀಸಿನಲ್ಲಿ ವರ್ಷಗಟ್ಟಲೆ ಎಲ್ಲರಿಂದ ರೂಟ್ ಕಾಸ್ ಅನಾಲಿಸಿಸ್ ಮಾಡಿಸಿದವನು ಬೇರು ನೋಡಿದ್ದು ಅವತ್ತೇ.

ಆಮೇಲೆ ಓದಿಕೊಂಡೆ. ಬೇರಿಗೆ ನೀರಿನಷ್ಟೇ ಗಾಳಿಯೂ ಬೇಕು. ಮಣ್ಣಿನ ಸಂದುಗಳಲ್ಲೆಲ್ಲ ನೀರು ನಿಂತರೆ ಬೇರು ಉಸಿರುಗಟ್ಟಿ ಸಾಯುತ್ತದೆ, ಪಿಥಿಯಂನಂಥ ರೋಗಾಣುಗಳು ಹತ್ತುತ್ತವೆ. ಕೊಳೆತ ಬೇರು ನೀರು ಹೀರಲಾರದು, ಹಾಗಾಗಿ ನೀರಿನಲ್ಲಿ ಮುಳುಗಿದ ಗಿಡವೂ ಬಾಯಾರಿದಂತೆಯೇ ಕಾಣುತ್ತದೆ. ಮುಟ್ಟಿ ನೋಡಿದ್ದರೆ ತಿಳಿಯುತ್ತಿತ್ತು: ನಿಜವಾಗಿ ಬಾಯಾರಿದ ಎಲೆ ತೆಳ್ಳಗಾದರೂ ಗಟ್ಟಿಯಾಗಿರುತ್ತದೆ, ಕೊಳೆತದ್ದು ಲೊಳಲೊಳ ಅನ್ನುತ್ತದೆ. ಲೋಳೆಸರ ಅರೇಬಿಯಾದ ಒಣನೆಲದ ಗಿಡ. ಎಲೆಯ ರಂಧ್ರಗಳನ್ನು ಹಗಲು ಮುಚ್ಚಿಟ್ಟು ರಾತ್ರಿಯ ತಂಪಿನಲ್ಲಿ ತೆರೆಯುತ್ತದೆ, ಒಳಗಿನ ನೀರನ್ನು ಜಿಪುಣನ ಹಾಗೆ ಖರ್ಚು ಮಾಡುತ್ತದೆ. ಬಾಗಿಲ ಮೇಲೆ ತಿಂಗಳುಗಟ್ಟಲೆ ಬದುಕುವುದು ಅದರಿಂದಲೇ. ವರ್ಷಕ್ಕೆ 500 ಮಿ.ಮೀ. ಆಸುಪಾಸು ಮಳೆ ಕಾಣುವ ಊರಿಂದ 3,000 ಮಿ.ಮೀ. ಹತ್ತಿರ ಸುರಿಯುವ ನಾಡಿಗೆ ತಂದು, ಮೇಲೆ ನಾನು ಬೇರೆ ನೀರು ಹಾಕಿದ್ದೆ.

ಆದರೆ ಆ ಭಾನುವಾರ ಗಿಡವನ್ನು ಕಸದ ಬುಟ್ಟಿಗೆ ಹಾಕಲು ಹೊರಟಿದ್ದೆ. ಅವ್ವ ತಡೆದಳು.

"ನೀರು ಹಾಕಿ ಹಾಕಿ ಕೊಳಸಿದೀಯಲ್ಲೋ ಮಗಾ. ಇದು ನೀರಿಲ್ದೆ ಸತ್ತಿದ್ದು ನಾನು ಕಂಡಿಲ್ಲ. ಆ ಈಳಿಗೆ ಇಳಿಸಿಕೊಡು."

ಅಟ್ಟದಿಂದ ಇಳಿಸಿಕೊಟ್ಟೆ. ನೆಲದ ಮೇಲೆ ಒಂದು ಕಾಲು ಮಡಿಚಿ ಮಣೆಯ ಮೇಲಿಟ್ಟು ಕೂತಳು. ಮೊಣಕಾಲಿನ ಮಾತೇ ಬರಲಿಲ್ಲ. ಕೊಳೆತ ಎಲೆ ಕಿತ್ತಳು, ಕಪ್ಪು ಬೇರು ತೆಗೆದಳು, ಬುಡವನ್ನು ಬಿಲ್ಲೆಬಿಲ್ಲೆಯಾಗಿ ಕೊಯ್ಯುತ್ತ ಹೋದಳು. ಪ್ರತಿ ಸಲವೂ ನಡುವೆ ಕಂದು ಚುಕ್ಕೆ ಕಾಣುತ್ತಿತ್ತು. ಇನ್ನೂ ಕೊಯ್ದಳು. ಅಪ್ಪಟ ಬಿಳಿ ತಿರುಳು ಕಂಡಾಗ ಉಳಿದದ್ದು ಅಂಗೈಯಷ್ಟು, ನಾಲ್ಕೇ ಎಲೆ.

ಗಾಯ ಆರದೆ ನೆಟ್ಟರೆ ಮತ್ತೆ ಕೊಳೆಯುತ್ತದೆ. ಆಷಾಢದ ಆಲುವದಲ್ಲಿ ಬನಿಯನ್ನೇ ಮೂರು ದಿನ ಒಣಗುವುದಿಲ್ಲ, ಇದೆಲ್ಲಿ ಆರಬೇಕು? ಅವ್ವ ಅದನ್ನೂ ದಾರ ಕಟ್ಟಿ ಬಾಗಿಲ ಮೇಲೆ ಮೊದಲನೆಯದರ ಪಕ್ಕ ನೇತುಹಾಕಿದಳು. ಕಾರಿಡಾರಿನ ಗಾಳಿ ಬಡಿಯುವ ಜಾಗ ಅದೊಂದೇ. ಎದುರು ಮನೆಯ ಚೇಚಿ "ರಂಡು ಕಟ್ಟಾರ್‌ವಾಳ?" ಎಂದು ಬೆರಗಾದರು. ಒಂದು ಬಾಗಿಲಿಗೆ ಎಷ್ಟು ದೃಷ್ಟಿ ತಗುಲುತ್ತದೋ ಎಂದುಕೊಂಡಿರಬೇಕು.

ಹತ್ತು ದಿನಕ್ಕೆ ಗಾಯದ ಮೇಲೆ ಒಣ ಚಿಪ್ಪು ಕಟ್ಟಿತು. ನದಿ ದಂಡೆಯ ಊರಿನಲ್ಲಿದ್ದೂ ಎರಡು ಬೊಗಸೆ ಮರಳಿಗೆ ಕಟ್ಟಡ ಕಟ್ಟುವವರ ಹತ್ತಿರ ಬೇಡಿದೆ. ಸಿಕ್ಕಿದ್ದು ಎಂ-ಸ್ಯಾಂಡ್. ಪುಡಿ ಹೋಗುವವರೆಗೆ ಅವ್ವ ತೊಳೆದಳು, ನಾನು ಇಟ್ಟಿಗೆ ಕುಟ್ಟಿದೆ. ಅಡಿಯಲ್ಲಿ ತೂತಿದ್ದ ಮಣ್ಣಿನ ಕುಂಡ, ಸ್ವಲ್ಪವೇ ಮಣ್ಣು. ತಟ್ಟೆ ಎಸೆದೆವು. ಮಳೆ ಎರಚದ ಕಿಟಕಿಯ ಪಕ್ಕ ಇಟ್ಟೆವು. ಎರಡು ವಾರ ಹನಿ ನೀರಿಲ್ಲ. ಅಲಾರಂ ಅಳಿಸಿದರೂ ಏಳೂವರೆಗೆ ನನ್ನ ಕೈ ಲೋಟಕ್ಕೆ ಹೋಗುತ್ತಿತ್ತು.

ಈಳಿಗೆಮಣೆ ಮತ್ತೆ ಅಟ್ಟ ಹತ್ತಲಿಲ್ಲ. ಚೇಚಿ ಬರುವ ಹೊತ್ತಿಗೆ ತರಕಾರಿ ಹೆಚ್ಚಿ ಆಗಿರುತ್ತಿತ್ತು.

ಸೆಪ್ಟೆಂಬರ್ ಮೊದಲ ವಾರ ನಾಲ್ಕು ಎಲೆಗಳ ನಡುವೆ ಉಗುರಿನಷ್ಟು ತಿಳಿಹಸಿರು ಕಾಣಿಸಿತು. ತೋರಿಸಲು ಕರೆದೆ. ಬಗ್ಗಿ ನೋಡಿ, ತಲೆ ಎತ್ತದೇ ಹೇಳಿದಳು: "ಮಾಲಯ ಅಮಾಸೆಗೆ ನಿಮ್ಮಪ್ಪಗೆ ಎಡೆ ಇಡಬೇಕು. ಊರಿಗೆ ಕಳಿಸು."

ಮಳೆ ನಿಲ್ಲಲಿ ಅವ್ವ ಅನ್ನುವುದು ಬಾಯಿಗೆ ಬಂದಿತ್ತು. ಜೂನ್‌ನಿಂದ ಅದನ್ನೇ ಹೇಳುತ್ತಿದ್ದೆ. ಐಲ್ಯಾಂಡ್ ಎಕ್ಸ್‌ಪ್ರೆಸ್ಸಿಗೆ ಇಬ್ಬರ ಟಿಕೆಟ್ ಮಾಡಿದೆ. ಅವಳ ವಾಪಸ್ ಟಿಕೆಟ್ ಯಾವಾಗಿಗೆ ಅಂತ ಕೇಳಿದ್ದಕ್ಕೆ "ಅದನ್ನ ಆಮೇಲೆ ನೋಡಾಣ" ಅಂದಳು. ಅವಳನ್ನು ಊರಿಗೆ ಬಿಟ್ಟು, ನಾನೊಬ್ಬನೇ ಆಲುವಕ್ಕೆ ಬಂದು ಇಳಿದೆ.

ಈಗ ಹತ್ತು ದಿನಕ್ಕೊಮ್ಮೆ ಕುಂಡದ ಮಣ್ಣಿಗೆ ಎರಡು ಗೆಣ್ಣು ಮುಳುಗುವಷ್ಟು ಬೆರಳು ತೂರಿಸಿ ಊರಿಗೆ ಫೋನ್ ಮಾಡುತ್ತೇನೆ. ಆ ಕಡೆ ಕೋಳಿ ಕೂಗುತ್ತಿರುತ್ತವೆ, ಅವ್ವ ಯಾರಿಗೋ ಜೋರಾಗಿ ಏನೋ ಹೇಳುತ್ತಿರುತ್ತಾಳೆ.

"ಬೆರಳಿಗೆ ಹಸಿ ಹತ್ತಿತಾ?"

"ಸ್ವಲ್ಪ ಹತ್ತಿದೆ ಅವ್ವ."

"ಹಂಗಾದ್ರೆ ಬಿಡು."