ಹನ್ನೆರಡನೇ ತಾರೀಖಿನವರೆಗೆ ಸುಮ್ಮನಿರುವ ಕೋಡ್

ಜಾವಾಸ್ಕ್ರಿಪ್ಟಿನ ‘ಡೇಟ್’ಗೆ 13/04/2024 ಕೊಟ್ಟರೆ ‘ಇನ್‌ವ್ಯಾಲಿಡ್ ಡೇಟ್’ ಅನ್ನುತ್ತದೆ. 12/04/2024 ಕೊಡಿ, ಚಕಾರವೆತ್ತದೆ ಡಿಸೆಂಬರ್ 4 ಎಂದು ಓದಿಕೊಳ್ಳುತ್ತದೆ. ಅಮೆರಿಕದವರು ತಿಂಗಳನ್ನು ಮೊದಲು ಬರೆಯುತ್ತಾರೆ, ಬ್ರೌಸರುಗಳೂ ಅದೇ ರೂಢಿಯಲ್ಲಿವೆ. ಅಷ್ಟು ಅರ್ಥವಾಗುತ್ತದೆ. ಆದರೆ ಲೆಕ್ಕ ಹಾಕಿ ನೋಡಿದಾಗ ದಿಗಿಲಾಯಿತು. ಪ್ರತಿ ತಿಂಗಳ ಮೊದಲ ಹನ್ನೆರಡು ದಿನ ಹಿಡಿದರೆ ವರ್ಷಕ್ಕೆ 144 ತಾರೀಖುಗಳು. ಹೇಗೆ ಓದಿದರೂ ಒಂದೇ ಆಗುವ 1/1, 2/2ರಂಥ ಹನ್ನೆರಡನ್ನು ಬಿಟ್ಟರೂ 132 ತಾರೀಖುಗಳು ಸದ್ದಿಲ್ಲದೆ ತಪ್ಪಾಗುತ್ತವೆ. ತಿಂಗಳ ಮೊದಲ ವಾರದಲ್ಲಿ ಪರೀಕ್ಷಿಸಿ ‘ಸರಿಯಿದೆ’ ಎಂದು ಬಿಟ್ಟ ಪುಟ ಹದಿಮೂರನೇ ತಾರೀಖಿಗೆ ಕೈಕೊಡುವುದು ಇದರಿಂದಲೇ. ಕೈಕೊಟ್ಟರೆ ವಾಸಿ, ಯಾರಾದರೂ ನೋಡುತ್ತಾರೆ. ಕೈಕೊಡದ ಆ ಹನ್ನೆರಡು ದಿನಗಳದ್ದೇ ನನಗೆ ಚಿಂತೆ.

*

ಫೆಬ್ರವರಿ 30. ವರ್ಷ, ತಿಂಗಳು, ದಿನ ಬಿಡಿಬಿಡಿಯಾಗಿ ಕೊಟ್ಟು 2023ರ ಫೆಬ್ರವರಿ 30 ಕೇಳಿದರೆ ಮಾರ್ಚ್ 2 ಸಿಗುತ್ತದೆ. ಅದೂ ಫೆಬ್ರವರಿಗೆ 1 ಎಂದು ಬರೆಯಬೇಕು! ಜನವರಿ 0, ದಿನಗಳು ಮಾತ್ರ 1ರಿಂದ ಶುರು. ಸಿ ಭಾಷೆಯ ಈ ಪದ್ಧತಿ ಜಾವಾಗೆ ಬಂತು, 1995ರಲ್ಲಿ ಜಾವಾದಿಂದ ಜಾವಾಸ್ಕ್ರಿಪ್ಟಿಗೆ ಬಂತು. ಜಾವಾ 1997ರಲ್ಲೇ ಆ ‘ಡೇಟ್’ನ ಬಹುಪಾಲು ಸೌಲಭ್ಯಗಳನ್ನು ಬಳಸಬೇಡಿ ಎಂದು ಹೇಳಿತು. ಹಳೆಯ ಪುಟಗಳು ಮುರಿಯಬಾರದೆಂದು ವೆಬ್ ಅದನ್ನು ಇನ್ನೂ ಹೊತ್ತುಕೊಂಡಿದೆ.

ಫೆಬ್ರವರಿ 30ರಂಥವನ್ನು ಹಿಡಿಯುವ ಉಪಾಯವೇನೋ ಸರಳ. ತಯಾರಾದ ತಾರೀಖಿನಿಂದ ದಿನ, ತಿಂಗಳು, ವರ್ಷವನ್ನು ಮತ್ತೆ ಕೇಳಿ, ಬಳಕೆದಾರರು ಬರೆದದ್ದರ ಜೊತೆ ಹೋಲಿಸಬೇಕು. ಹೊಂದದಿದ್ದರೆ ಒಪ್ಪಬಾರದು. ಅಂಕಿಗಳ ಆಕಾರವನ್ನಷ್ಟೇ ನೋಡುವ ರೆಗ್ಯುಲರ್ ಎಕ್ಸ್‌ಪ್ರೆಶನ್ನಿಗೆ 1900 ಅಧಿಕ ವರ್ಷವಲ್ಲ, 2000 ಅಧಿಕ ವರ್ಷ ಎಂಬುದು ಹೇಗೆ ತಿಳಿಯಬೇಕು?

*

ಎಲ್ಲಕ್ಕಿಂತ ಹೆಚ್ಚು ಕಾಡಿದ್ದು ಇದು. ಬೆಂಗಳೂರಿನಲ್ಲಿ ಒಬ್ಬರು ಮಗು ಹುಟ್ಟಿದ ದಿನವೆಂದು 2024ರ ಜನವರಿ 15 ಆರಿಸುತ್ತಾರೆ. ಕೋಡ್ ಅದನ್ನು ಇಲ್ಲಿನ ಮಧ್ಯರಾತ್ರಿಯೆಂದು ಹಿಡಿಯುತ್ತದೆ. ಸರ್ವರಿಗೆ ಕಳಿಸಲು ಐಎಸ್‌ಒ ರೂಪಕ್ಕೆ ತಿರುಗಿಸಿದೊಡನೆ ಸಮಯ ಜಾಗತಿಕ ಸಮಯವಾದ ಯುಟಿಸಿಗೆ ಹೋಗುತ್ತದೆ, ಐದೂವರೆ ಗಂಟೆ ಕಳೆಯುತ್ತದೆ. ಈಗ ಅದು 14ನೇ ತಾರೀಖು, 18:30. ಮೊದಲ ಹತ್ತು ಅಕ್ಷರ ಕತ್ತರಿಸಿ ಉಳಿಸಿಕೊಂಡರೆ ಆ ಮಗು ಒಂದು ದಿನ ಮೊದಲೇ ಹುಟ್ಟಿದಂತಾಯಿತು. ನ್ಯೂಯಾರ್ಕಿನಲ್ಲಿ ತೊಂದರೆ ಓದುವಾಗ ಬರುತ್ತದೆ. 2024-01-15 ಎಂದಷ್ಟೇ ಇದ್ದರೆ ಅದನ್ನು ಯುಟಿಸಿಯ ಮಧ್ಯರಾತ್ರಿ ಎಂದು ಓದಿ, ಅಲ್ಲಿನ ಗಡಿಯಾರಕ್ಕೆ 14 ಎಂದು ತೋರಿಸುತ್ತದೆ. ಅದೇ ಸಾಲಿನ ಕೊನೆಗೆ ‘ಟಿ00:00’ ಸೇರಿಸಿದರೆ ಸ್ಥಳೀಯ ಸಮಯವಾಗುತ್ತದೆ!

ಹುಟ್ಟಿದ ದಿನಕ್ಕೆ ಗಂಟೆಯೇ ಬೇಡವಾಗಿರುವಾಗ ಗಂಟೆ ಅಂಟಿಸುವುದೇಕೆ? ‘ಟೆಂಪೊರಲ್’ ಎಂಬ ಹೊಸ ವ್ಯವಸ್ಥೆಯಲ್ಲಿ ಗಂಟೆಯಿಲ್ಲದ ‘ಪ್ಲೇನ್‌ಡೇಟ್’ ಇದೆ, 2025ರಲ್ಲಿ ಫೈರ್‌ಫಾಕ್ಸಿಗೆ ಬಂದಿದೆ. ಮೂವತ್ತು ವರ್ಷ ತಡವಾದರೂ ಸಂತೋಷದ ಸಂಗತಿ.

*

೧೫ ಎಂದು ಕನ್ನಡ ಅಂಕಿಯಲ್ಲಿ ಬರೆದರೆ ಪೈಥಾನ್ ಹದಿನೈದು ಎಂದು ಓದುತ್ತದೆ, ಜಾವಾಸ್ಕ್ರಿಪ್ಟ್ ಸಂಖ್ಯೆಯೇ ಅಲ್ಲ ಅನ್ನುತ್ತದೆ. ವಿಚಿತ್ರವೆಂದರೆ, ಕನ್ನಡ ಅಂಕಿಯಲ್ಲಿ ತಾರೀಖು ತೋರಿಸು ಎಂದರೆ ಅದೇ ಬ್ರೌಸರ್ ಚೆನ್ನಾಗಿ ತೋರಿಸುತ್ತದೆ.

*

ನಮ್ಮ ಹಳ್ಳಿಗಳ ಹಿರಿಯರಲ್ಲಿ ಹಲವರ ಜನ್ಮದಿನ ಜೂನ್ 1. ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದುಕೊಂಡದ್ದು. ಎಷ್ಟೋ ಆಧಾರ್ ಕಾರ್ಡುಗಳಲ್ಲಿ ಹುಟ್ಟಿದ ವರ್ಷ ಮಾತ್ರ ಅಚ್ಚಾಗಿದೆ. ಅಂಥವರ ಮುಂದೆ ದಿನ-ತಿಂಗಳು ತುಂಬದೆ ಮುಂದಕ್ಕೆ ಬಿಡದ ಫಾರಂ ಇಟ್ಟರೆ, ಅದು ಸುಳ್ಳು ತಾರೀಖನ್ನು ಕೇಳಿ ಪಡೆಯುತ್ತದೆ. ಅದಕ್ಕೆ ಹಸಿರು ಗುರುತನ್ನೂ ಹಾಕುತ್ತದೆ.

ಫಾರಂ ಬರೆಯುವವರಲ್ಲಿ ಕೇಳಿಕೊಳ್ಳುವುದಿಷ್ಟು. ವರ್ಷ ಸಾಕಾಗುವ ಕಡೆ ವರ್ಷವನ್ನಷ್ಟೇ ಕೇಳಿ. ಪೂರ್ತಿ ತಾರೀಖು ಬೇಕಿದ್ದರೆ ತಿಂಗಳನ್ನು ಹೆಸರಿನಿಂದ ತೋರಿಸಿ, 2024-01-15ರ ರೂಪದಲ್ಲಿ ಗಂಟೆಯಿಲ್ಲದೆ ಉಳಿಸಿ, ಸರ್ವರಿನಲ್ಲಿ ಇನ್ನೊಮ್ಮೆ ಪರೀಕ್ಷಿಸಿ.