ಬಿಸಿಲು ಬಿಟ್ಟ ಬಿರುಕು

ಮಸ್ಕಿಯ ಬಂಡೆಯ ಮೇಲಿನ ಅಶೋಕನ ಹೆಸರುಳ್ಳ ಶಾಸನ 1915ರಲ್ಲಿ ಬೆಳಕಿಗೆ ಬಂದಿತು. ಅಷ್ಟು ಹೊತ್ತಿಗೆ ಅದು ಎರಡು ಸಾವಿರಕ್ಕೂ ಮಿಕ್ಕ ಬೇಸಗೆಗಳನ್ನು ಕಂಡಿತ್ತು. ಅದೇ ಸೀಮೆಯ ಬಿಸಿಲನ್ನು ಕಾರಿನ ಡ್ಯಾಷ್‌ಬೋರ್ಡು ಹತ್ತು ಬೇಸಗೆ ತಡೆದರೆ ದೊಡ್ಡದು. ಗೃಹಸ್ಥರು ಇಂಜಿನ್ನಿನ ಸದ್ದಿಗೆ ನಿತ್ಯವೂ ಕಿವಿಗೊಡುತ್ತಾರೆ. ಡ್ಯಾಷ್‌ಬೋರ್ಡಿನತ್ತ ಕಣ್ಣು ಹಾಯಿಸುವುದು ಅದು ಸೀಳಿದ ಮೇಲೆಯೇ.

ಸಿಂಧನೂರಿನ ಪೇಟೆಯಲ್ಲಾಗಲಿ, ಲಿಂಗಸುಗೂರಿನ ಬಸ್ ನಿಲ್ದಾಣದ ಬಳಿಯಾಗಲಿ ಬಿಸಿಲಿಗೆ ನಿಲ್ಲಿಸಿದ ಕಾರಿನೊಳಗೆ ಆ ಹಲಗೆ ಸುಮಾರು 70 ಡಿಗ್ರಿ ಸೆಲ್ಸಿಯಸ್‌ವರೆಗೂ ಕಾಯಬಲ್ಲುದು. ಪ್ಲಾಸ್ಟಿಕ್ಕನ್ನು ಮೆದುವಾಗಿರಿಸಲು ಬೆರೆಸಿದ ದ್ರವ್ಯ ಆ ಕಾವಿಗೆ ಮೆಲ್ಲಮೆಲ್ಲನೆ ಆವಿಯಾಗುತ್ತದೆ. ಗಾಜಿನ ಒಳಮೈಗೆ ಹತ್ತುವ ಮಬ್ಬಿನಲ್ಲಿ ಅದರ ಪಾಲೂ ಉಂಟು. ಮೆದುತನ ಕಳೆದುಕೊಂಡ ಮೈ ಕುಗ್ಗಿ, ಕಡೆಗೆ ಬಿರಿಯುತ್ತದೆ.

ಬೇವಿನ ನೆರಳು, ಗಾಜಿನ ಹಿಂದೊಂದು ಬೆಳ್ಳಿಬಣ್ಣದ ತೆರೆ, ಧೂಳೊರೆಸಲು ಒದ್ದೆಬಟ್ಟೆ—ತಡೆಗಟ್ಟಲು ಇಷ್ಟು ಸಾಕು. ಕೊಳೆ ತೆಗೆಯಲೆಂದು ಸ್ಪಿರಿಟ್ಟು, ಪೆಟ್ರೋಲು ಹಚ್ಚಲಾಗದು.

ಗಟ್ಟಿ ಪ್ಲಾಸ್ಟಿಕ್ಕು ಬಿರಿದಿದ್ದರೆ ಬಿರುಕಿನ ತುದಿಯಲ್ಲಿ ಸಣ್ಣ ರಂಧ್ರ ಕೊರೆಯಬೇಕು. ಅದು ಮುಂದೆ ಓಡುವುದು ನಿಲ್ಲುತ್ತದೆ. ಹಿಂಬದಿಗೆ ತುಂಡೊಂದನ್ನು ಎಪಾಕ್ಸಿ ಅಂಟಿನಿಂದ ಕೂಡಿಸಿ, ಸೀಳನ್ನು ತುಂಬಿ, ಒಣಗಿದ ಬಳಿಕ ಉಪ್ಪುಕಾಗದದಿಂದ ತಿಕ್ಕಿ ಬಣ್ಣ ಬಳಿಯಬಹುದು.

ಆದರೆ ಏರ್‌ಬ್ಯಾಗ್ ಅಡಗಿರುವ ಭಾಗಕ್ಕೆ ಈ ಮನೆಮದ್ದು ಸಲ್ಲದು. ಅಪಘಾತದ ಗಳಿಗೆಯಲ್ಲಿ ಅದರ ಮುಚ್ಚಳ ಗೊತ್ತಾದ ಗೆರೆಯಲ್ಲಿಯೇ ತೆರೆಯಬೇಕು. ಅಲ್ಲಿ ಮೆತ್ತಿದ ಅಂಟು ಅದನ್ನು ತಡೆದೀತು, ಇಲ್ಲವೆ ಚೂರಾಗಿ ಮುಖಕ್ಕೆ ಹಾರೀತು. ಹೊದಿಕೆಯೂ ಅಲ್ಲಿ ಕೂಡದು. ಅಲ್ಲಿಯ ಬಿರುಕನ್ನು ಬಲ್ಲ ಮೆಕ್ಯಾನಿಕ್‌ಗೆ ತೋರಿಸಿ, ಭಾಗವನ್ನೇ ಬದಲಿಸುವುದು ಲೇಸು. ಹಲಗೆಯ ಅಂದಕ್ಕಿಂತ ಅದರೆದುರು ಕುಳಿತವರ ಕ್ಷೇಮ ದೊಡ್ಡದಲ್ಲವೆ?